ಸಾಂಗಲಿಯ ಅರಿಷಿಣ, ಚೀನಾದ ಎಲೆ, ಬೆಂಗಳೂರಿನ ಇಲಿ

ಮಹಾರಾಷ್ಟ್ರದ ದತ್ತವಾಡದಿಂದ ಕುರುಂದವಾಡ, ನರಸೋಬವಾಡಿ ದಾಟಿ ಸಾಂಗಲಿಯ ಪೇಟೆಗೆ ಹೋದರೆ ಅರಿಷಿಣ, ಅರಿಷಿಣ, ಎತ್ತ ನೋಡಿದರೂ ಅರಿಷಿಣ! ಹತ್ತಿರದ ಹರಿಪುರದಲ್ಲಿ ಹಗೇವು ತೋಡಿ, ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದದ್ದೂ ಇದನ್ನೇ. ಒಣಗಿದ ಒಂದು ಕೊಂಬನ್ನು ಟಕ್ಕನೆ ಮುರಿದು ನೋಡಿ. ಹೊರಗೆ ಮಣ್ಣುಬಣ್ಣ, ಒಳಗೆ ಕಣ್ಣು ಕುಕ್ಕುವ ಕಿತ್ತಳೆ. ಆ ಬಣ್ಣದ ಹೆಸರು ಕರ್ಕ್ಯುಮಿನ್. ನೂರು ಗ್ರಾಂ ಅರಿಷಿಣದಲ್ಲಿ ಅದು ಸಾಮಾನ್ಯವಾಗಿ ಮೂರು ಗ್ರಾಂ ಆಸುಪಾಸು.

ಆ ಮೂರು ಗ್ರಾಮಿನಲ್ಲಿ ಏನಿದೆ ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತು!

2005ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್, ಪಿ.ಎನ್. ರಂಗರಾಜನ್ ಮತ್ತು ಸಂಗಡಿಗರು ಕರ್ಕ್ಯುಮಿನ್ನನ್ನು ಮಲೇರಿಯಾದ ಎದುರು ನಿಲ್ಲಿಸಿದರು. ಮಲೇರಿಯಾದ ಔಷಧ ಕ್ಲೋರೋಕ್ವಿನ್‌ಗೂ ಬಗ್ಗದ ಪ್ಲಾಸ್ಮೋಡಿಯಂ ಫಾಲ್ಸಿಪೇರಂ ಎಂಬ ಪರಾವಲಂಬಿ ಅದರ ಮುಂದೆ ಬೆಳೆಯದೆ ನಿಂತಿತು. ಸೋಂಕಿದ ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ ರಕ್ತದಲ್ಲಿದ್ದ ಪರಾವಲಂಬಿಗಳು ಶೇ. 80ರಿಂದ 90ರಷ್ಟು ಇಳಿದವು. ನಮ್ಮ ಒಗ್ಗರಣೆಯ ಡಬ್ಬಿಯಲ್ಲಿರುವ ಬಣ್ಣ!

ಆದರೆ ನಿಜವಾದ ಬೆರಗು ಮುಂದಿದೆ. ಅದಕ್ಕೆ ಚೀನಾಕ್ಕೆ ಹೋಗಬೇಕು. ಆರ್ಟಿಮಿಸಿಯಾ ಆನ್ಯುವಾ ಎಂಬ ಗಿಡದ ಕಷಾಯ ಮಲೇರಿಯಾಕ್ಕೆ ಒಮ್ಮೆ ಫಲ ಕೊಡುತ್ತಿತ್ತು, ಒಮ್ಮೆ ಕೊಡುತ್ತಿರಲಿಲ್ಲ. ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಿರಿ ಎಂದು ನಾಲ್ಕನೆಯ ಶತಮಾನದ ವೈದ್ಯ ಗೆ ಹಾಂಗ್ ಬರೆದದ್ದನ್ನು ಚೀನಾದ ವಿಜ್ಞಾನಿ ತು ಯೂಯೂ ಮತ್ತೆ ಓದಿದರು. ಕುದಿಸುವ ಮಾತೇ ಅಲ್ಲಿಲ್ಲ! ಕಾವಿಗೆ ಗುಣ ಕೆಡುತ್ತಿರಬಹುದೆಂದು ಅವರು ಕಡಿಮೆ ಶಾಖದಲ್ಲೇ ಕುದಿಯುವ ಈಥರ್ ಬಳಸಿದರು. 1971ರ ಅಕ್ಟೋಬರ್ 4ರಂದು 191ನೆಯ ಮಾದರಿ ಇಲಿಗಳ ಮಲೇರಿಯಾವನ್ನು ಪೂರ್ತಿ ಅಡಗಿಸಿತು. ಆ ಗಿಡದಿಂದ ಸಿಕ್ಕ ಔಷಧವೇ ಆರ್ಟಿಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಬಂತು.

ಪರಾವಲಂಬಿ ನಮ್ಮ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ಹಾಗೆ ತಿಂದದ್ದರಿಂದ ಹೊರಬಿದ್ದ ಕಬ್ಬಿಣವೇ ಆರ್ಟಿಮಿಸಿನಿನ್‌ನ ಅಣುವನ್ನು ಒಡೆದು ವಿಷವಾಗಿಸುತ್ತದೆ. ತಾನುಂಡ ಅನ್ನದಿಂದಲೇ ಅದಕ್ಕೆ ಸಾವು! ಆದರೆ ಒಂದು ಕೊರತೆಯಿದೆ: ಈ ಔಷಧ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಕರಗಿಹೋಗುತ್ತದೆ. ಅಳಿದುಳಿದ ಪರಾವಲಂಬಿಗಳು ಮತ್ತೆ ಹೆಚ್ಚಿ ಜ್ವರ ಮರಳುತ್ತದೆ.

ಈ ಕೊರತೆ ತುಂಬಿದ್ದು ಅರಿಷಿಣ. 2006ರಲ್ಲಿ ಅದೇ ಬೆಂಗಳೂರಿನ ತಂಡ ಸೋಂಕಿದ ಇಲಿಗಳಿಗೆ ಆರ್ಟಿಮಿಸಿನಿನ್‌ನಿಂದ ತಯಾರಾದ ಆರ್ಟಿಈಥರ್‌ನ ಒಂದೇ ಒಂದು ಚುಚ್ಚುಮದ್ದು ಕೊಟ್ಟು, ಜೊತೆಗೆ ಮೂರು ಸಲ ಕರ್ಕ್ಯುಮಿನ್ ಕುಡಿಸಿತು. ಬರೀ ಚುಚ್ಚುಮದ್ದು ಪಡೆದವುಗಳಲ್ಲಿ ರೋಗ ಮರುಕಳಿಸಿತು. ಎರಡನ್ನೂ ಪಡೆದವು ಹೆಚ್ಚುಕಡಿಮೆ ಎಲ್ಲವೂ ಬದುಕಿದವು! ಕರ್ಕ್ಯುಮಿನ್ ಪರಾವಲಂಬಿಯನ್ನು ಕೊಲ್ಲುವುದಷ್ಟೇ ಅಲ್ಲ, ಇಲಿಯ ರೋಗನಿರೋಧಕ ಶಕ್ತಿಯನ್ನೂ ಎಚ್ಚರಿಸುತ್ತದೆಂದು ಅವರ 2012ರ ಪ್ರಬಂಧ ತೋರಿಸಿತು.

ಇನ್ನೊಂದನ್ನು ಹೇಳದೆ ಇರಲಾರೆ. 1820ರಲ್ಲಿ ಸಿಂಕೋನಾ ತೊಗಟೆಯಿಂದ ಮಲೇರಿಯಾದ ಔಷಧ ಕ್ವಿನೈನ್ ಬೇರ್ಪಡಿಸಿದ ಇಬ್ಬರಲ್ಲಿ ಒಬ್ಬ ಫ್ರಾನ್ಸಿನ ಪೆಲೆಟಿಯೆ. ಅದಕ್ಕೂ ಐದು ವರ್ಷ ಮೊದಲು, 1815ರಲ್ಲಿ, ಫೋಗೆಲ್ ಜೊತೆ ಸೇರಿ ಅರಿಷಿಣದ ಹಳದಿಯನ್ನು ಬೇರ್ಪಡಿಸಿದವನೂ ಅವನೇ! ಮಲೇರಿಯಾದ ಎರಡು ವೈರಿಗಳು ಒಬ್ಬನದೇ ಕೈಯಲ್ಲಿ ಹಾದುಹೋಗಿದ್ದವು. ಅರಿಷಿಣದ ಈ ಗುಣ ಅವನಿಗೆ ಗೊತ್ತಾಗಲಿಲ್ಲ.

ಇಷ್ಟು ಓದಿ ಯಾರೂ ಅರಿಷಿಣದ ಹಾಲು ಕುಡಿದು ಮಲೇರಿಯಾ ಗೆಲ್ಲಲು ಹೊರಡಬೇಡಿ. ಈ ಫಲಿತಾಂಶಗಳು ಇಲಿಗಳವು. ಕರ್ಕ್ಯುಮಿನ್ ನಮ್ಮ ಕರುಳಿನಿಂದ ರಕ್ತಕ್ಕೆ ಸೇರುವುದು ತೀರ ಕಡಿಮೆ, ಸೇರಿದ್ದೂ ಬೇಗ ಹೊರಹೋಗುತ್ತದೆ. ನಡುಕ ಬಂದು ಜ್ವರ ಏರಿದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ.