ಬೇರುಗಂಟಿನೊಳಗಣ ಸಹಜೀವನ

ಬಿತ್ತನೆಯಾಗಿ ಐದಾರು ವಾರ ಕಳೆದ ತೊಗರಿಯ ಗಿಡವೊಂದನ್ನು ಜಗ್ಗಿ ಕೀಳದೆ, ಸುತ್ತಲಿನ ಹೆಂಟೆಸಮೇತ ಅಗೆದೆತ್ತಿ, ಬೇರನ್ನು ನೀರಿನಲ್ಲಿ ಮೆಲ್ಲನೆ ತೊಳೆದು ನೋಡಿದರೆ, ಅಲ್ಲಲ್ಲಿ ಸಾಸಿವೆಕಾಳಿನಷ್ಟು, ಕೆಲವೆಡೆ ಅದಕ್ಕಿಂತ ದಪ್ಪನಾದ ಗಂಟುಗಳು ಕಾಣುವುವು. ಇದು ರೋಗವೆಂದು ಶಂಕಿಸಬೇಕಾಗಿಲ್ಲ. ಗಂಟೊಂದನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ತೋರಿದರೆ, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಂಧುವಾದ ಲೆಗ್‌ಹಿಮೋಗ್ಲೋಬಿನ್ ಅಲ್ಲಿದೆಯೆಂದೂ, ರೈಜೋಬಿಯಂ ಎಂಬ ಸೂಕ್ಷ್ಮಾಣುಗಳು ಕಾರ್ಯನಿರತವಾಗಿವೆಯೆಂದೂ ತಿಳಿಯತಕ್ಕದ್ದು. ಬಿಳುಪಾಗಿಯೋ ಹಸುರಾಗಿಯೋ ಇದ್ದರೆ ಅವು ಇನ್ನೂ ಕೆಲಸಕ್ಕೆ ತೊಡಗಿಲ್ಲ, ಇಲ್ಲವೆ ಅವುಗಳ ಕಾಲ ಮುಗಿದಿದೆ.

ವಾಯುಮಂಡಲದಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಆಗಿದ್ದರೂ, ಅದರ ಪರಮಾಣುಗಳು ಎರಡೆರಡಾಗಿ ಬಿಗಿದುಕೊಂಡಿರುವುದರಿಂದ ಸಸ್ಯಗಳಿಗೆ ಅದು ಎಟುಕದ ಸಂಪತ್ತು. ಆ ಬಂಧವನ್ನು ಬಿಡಿಸಲು ಗೊಬ್ಬರದ ಕಾರ್ಖಾನೆಗಳು ಪ್ರಚಂಡವಾದ ಉಷ್ಣವನ್ನೂ ಒತ್ತಡವನ್ನೂ ಪ್ರಯೋಗಿಸಬೇಕು. ಬೇರುಗಂಟಿನೊಳಗಣ ಜೀವಾಣುವಾದರೋ, ಗಿಡವು ಕೊಡುವ ಸಕ್ಕರೆಯ ಬಲದಿಂದ, ಹೊಲದ ಸಾಮಾನ್ಯ ಉಷ್ಣತೆಯಲ್ಲಿಯೇ ಅದನ್ನು ಸಾಧಿಸುತ್ತದೆ. ಈ ಕಾರ್ಯವನ್ನು ನಡೆಸುವ ಕಿಣ್ವಕ್ಕೆ ಆಮ್ಲಜನಕವು ಮಾರಕ, ಜೀವಾಣುವಿನ ಉಸಿರಿಗಾದರೋ ಅದೇ ಆಧಾರ. ಈ ಇಕ್ಕಟ್ಟಿನ ನಡುವೆ ಆಮ್ಲಜನಕವನ್ನು ಬೇಕಾದಷ್ಟೇ ಅಳೆದು ಒದಗಿಸುವುದು ಆ ಕೆಂಪುದ್ರವ್ಯದ ಕೆಲಸ. ಸೃಷ್ಟಿಯ ಜಾಣ್ಮೆಗೆ ಇದಕ್ಕಿಂತ ಸೊಗಸಾದ ನಿದರ್ಶನವನ್ನು ನಾನರಿಯೆ.

ರಾಗಿಯ ಹೊಲದಲ್ಲಿ ಅವರೆಯನ್ನೋ ತೊಗರಿಯನ್ನೋ ಅಕ್ಕಡಿಸಾಲಾಗಿ ಬಿತ್ತುವ ನಮ್ಮ ರೈತರು ದ್ವಿದಳ ಬೆಳೆಯ ಗುಣವನ್ನು ಅನುಭವದಿಂದ ಅರಿತವರು. ಅದರ ಕಾರಣವನ್ನು ಜರ್ಮನಿಯ ಹೆಲ್‌ರೀಗೆಲ್ 1886ರಲ್ಲಿ ಪ್ರಕಟಪಡಿಸಿದನು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಜೀವಾಣುವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದನು.

ಈ ಜೀವಾಣುವನ್ನು ಬೀಜಕ್ಕೆ ಲೇಪಿಸಲೆಂದು ಪೊಟ್ಟಣಗಳಲ್ಲಿ ಮಾರುವುದುಂಟು. ಮಣ್ಣಿನಲ್ಲಿಯೇ ಇರುವುದನ್ನು ಕೊಂಡು ತರುವುದೇಕೆ? ಕಡಲೆಗೆ ಒಗ್ಗುವ ಜೀವಾಣು ಸೋಯಾ ಅವರೆಗೆ ಒಗ್ಗದು. ಹೊಸ ಬೆಳೆ ಬಂದ ನೆಲದಲ್ಲಿ ಅದಕ್ಕೆ ತಕ್ಕ ಬಳಗವೇ ಇಲ್ಲದಿರಬಹುದು. ಆದಕಾರಣ ಆಯಾ ಬೆಳೆಯ ಹೆಸರಿರುವ, ಅವಧಿ ಮೀರದ ಜೀವಾಣುಗೊಬ್ಬರದ ಪೊಟ್ಟಣವನ್ನೇ ಆರಿಸಿ, ಆರಿದ ಬೆಲ್ಲದ ನೀರಿನಿಂದ ಬೀಜವನ್ನು ಅಂಟಂಟಾಗಿಸಿ, ಅದರ ಮೇಲೆ ಪುಡಿಯನ್ನು ಉದುರಿಸಿ, ಸಿಪ್ಪೆ ಸುಲಿಯದಂತೆ ಹಗುರಾಗಿ ಕಲಸಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತಬೇಕು. ಪೊಟ್ಟಣದಲ್ಲಿರುವುದು ಜೀವವುಳ್ಳ ವಸ್ತು; ಅದನ್ನು ಬಿಸಿಲಿನಲ್ಲಿಟ್ಟರೆ ಕೊಂದಂತೆಯೇ.

ಶಿಲೀಂಧ್ರನಾಶಕವನ್ನು ಬಳಸುವುದಾದರೆ ಅದು ಮೊದಲು, ಜೀವಾಣು ಕಡೆಗೆ. ಯೂರಿಯಾವನ್ನು ಧಾರಾಳವಾಗಿ ಚೆಲ್ಲಿದ ಹೊಲದಲ್ಲಿ ಗಂಟುಗಳು ಕಡಿಮೆಯಾಗುವುವು, ಏಕೆಂದರೆ ಸುಲಭವಾಗಿ ದೊರೆತ ಸಾರಜನಕವಿರುವಾಗ ಗಿಡವು ಸಕ್ಕರೆಯನ್ನು ವ್ಯಯಿಸಿ ಜೀವಾಣುಗಳನ್ನು ಸಾಕಲಾರದು. ಗಳಿಸಿದ ಸಾರಜನಕದ ಬಹುಭಾಗವು ಕಾಳಿನೊಡನೆ ಮನೆಗೆ ಬಂದುಬಿಡುವುದರಿಂದ, ಕಡಲೆ, ಹುರುಳಿಗಳನ್ನು ಬೇರುಸಹಿತ ಕಿತ್ತು ಕಣಕ್ಕೆ ಸಾಗಿಸುವುದಕ್ಕಿಂತ, ಬುಡಕ್ಕೆ ಕೊಯ್ದು ಬೇರನ್ನೂ ಉದುರಿದ ಎಲೆಯನ್ನೂ ಹೊಲದಲ್ಲಿಯೇ ಬಿಡುವುದು ಲೇಸು.