ಫಾರ್ಮ್ಯಾಟ್ ಮಾಡಿಸುವ ಮುಂಚೆ ಸ್ವಲ್ಪ ನಿಲ್ಲಿ!



ಒಂದು ಮಳೆಗಾಲದಲ್ಲಿ ಕೊಪ್ಪ ಕಡೆಯ ನಮ್ಮ ಒಕ್ಕೂಟವೊಂದರ ಹಳೆ ಕಂಪ್ಯೂಟರ್ ಕೈಕೊಟ್ಟಿತು. ರಿಪೇರಿಯವರು ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿ ಕಳಿಸಿದರು. ಪೆನ್‌ಡ್ರೈವ್‌ನಲ್ಲಿದ್ದ ಸಾಲದ ಪಟ್ಟಿ ತೆರೆದರೆ ಕನ್ನಡವೇ ಇಲ್ಲ! ಬರೀ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟು. "ಸಿಸ್ಟರ್, ಎಂಟು ವರ್ಷದ ಲೆಕ್ಕ ಹೋಯ್ತು" ಎಂದು ಪ್ರತಿನಿಧಿ ಕಣ್ಣೀರು ಹಾಕಿದರು. ಬ್ಯಾಂಕಿಗೆ ಪಟ್ಟಿ ಕೊಡುವ ದಿನ ಹತ್ತಿರ ಬಂದಿತ್ತು.

ಆದರೆ ಲೆಕ್ಕ ಹೋಗಿರಲಿಲ್ಲ. ಹೋಗಿದ್ದು 'ನುಡಿ' ತಂತ್ರಾಂಶ ಮಾತ್ರ.

ಯಾಕೆ ಹೀಗಾಗುತ್ತೆ?

ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ಸಿದ್ಧಪಡಿಸಿದ ನುಡಿ, ಹಾಗೂ 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ', ಇವೆರಡೂ ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿವೆ. ಇವುಗಳ ಹಳೆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ರೂಪ ಕೂರಿಸಿರುತ್ತಾರೆ. ಫಾಂಟ್ ಇಲ್ಲವಾದರೆ ಆ ಇಂಗ್ಲಿಷ್ ಅಕ್ಷರವೇ ಕಾಣುತ್ತದೆ. ಫಾಂಟ್ ಮತ್ತೆ ಹಾಕಿದರೆ ಕನ್ನಡ ಬರುತ್ತದೆ. ಯುನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ಬೇರೆಯೇ ಸಂಖ್ಯೆಗಳಿರುವುದರಿಂದ ಈ ತೊಂದರೆ ಇಲ್ಲ.

ಏನು ಮಾಡಬೇಕು?

1. ಮೊದಲು ಎಲ್ಲ ಕಡತಗಳನ್ನೂ ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಒಂದು ಕಚೇರಿಯಲ್ಲಿ, ಇನ್ನೊಂದು ಬೇರೆ ಸದಸ್ಯೆಯ ಮನೆಯಲ್ಲಿ ಇರಲಿ.

2. ಕಂಪ್ಯೂಟರ್ ಜೊತೆ ಬಂದ ಸಿ.ಡಿ.ಗಳನ್ನು ಹುಡುಕಿ. ನಮ್ಮ ಮಲೆನಾಡಿನ ತೇವಕ್ಕೆ ಅವೂ ಬೂಸ್ಟು ಹಿಡಿಯುತ್ತವೆ; ಗಾಳಿಯಾಡದ ಡಬ್ಬದಲ್ಲಿಡಿ. ಹಳೆ ಯಂತ್ರಗಳ ಮೈಮೇಲೆ ಅಂಟಿಸಿದ ಚೀಟಿಯಲ್ಲಿ ವಿಂಡೋಸ್‌ನ 25 ಅಕ್ಷರದ ಕೀಲಿ ಇರುತ್ತದೆ. ಅಳಿಸಿಹೋಗುವ ಮುಂಚೆ ನಡಾವಳಿ ಪುಸ್ತಕದ ಹಿಂದೆ ಬರೆದಿಡಿ.

3. ಸಿ.ಡಿ. ಸಿಗಲಿಲ್ಲವೇ? ಎಷ್ಟೋ ಕಂಪನಿಗಳು ಜೊತೆಗೆ ಕೊಟ್ಟ ತಂತ್ರಾಂಶವನ್ನು ಹಾರ್ಡ್‌ಡಿಸ್ಕ್‌ನಲ್ಲೇ 'ರಿಕವರಿ' ಎಂಬ ಭಾಗದಲ್ಲಿ ಇಟ್ಟಿರುತ್ತವೆ. "ಇದನ್ನು ಅಳಿಸಬೇಡಿ" ಎಂದು ರಿಪೇರಿಯವರಿಗೆ ಹೇಳಿ. ಆದರೆ ರಿಕವರಿ ಮಾಡಿದರೆ ನಿಮ್ಮ ಕಡತಗಳು ಅಳಿಸಿಹೋಗಬಹುದು, ಆದ್ದರಿಂದಲೇ ಮೊದಲು ಕಾಪಿ.

4. ಪ್ರಿಂಟರ್, ಸೌಂಡ್ ಕೆಲಸ ಮಾಡದಿದ್ದರೆ ಡ್ರೈವರ್ ಬೇಕು. ಯಂತ್ರದ ಮಾಡೆಲ್ ನಂಬರ್ ನೋಡಿ ಆಯಾ ಕಂಪನಿಯ ವೆಬ್‌ಸೈಟ್‌ನಿಂದಲೇ ಇಳಿಸಿ. ಎಲ್ಲೆಲ್ಲಿಂದಲೋ ಇಳಿಸಿದರೆ ವೈರಸ್ ಬರುತ್ತೆ.

5. ವರ್ಡ್‌ನಲ್ಲಿ ಗೊಂದಲದ ಅಕ್ಷರದ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾಂಟ್ ಹೆಸರು ಓದಿ. 'ನುಡಿ' ಎಂದಿದ್ದರೆ ನುಡಿ ಹಾಕಿಸಿ, 'ಬಿ.ಆರ್.ಎಚ್.' ಎಂದಿದ್ದರೆ ಬರಹ. ಹೊಸ ಲೆಕ್ಕವನ್ನು ಯುನಿಕೋಡ್‌ನಲ್ಲೇ ಬರೆಯಿರಿ.

6. ಜೊತೆಗೆ ಬಂದ ಆಫೀಸ್ ತಂತ್ರಾಂಶ ಬರೀ ಪರೀಕ್ಷಾ ಅವಧಿಯದ್ದಾಗಿದ್ದರೆ ಮತ್ತೆ ಹಾಕಿದರೂ ಪ್ರಯೋಜನವಿಲ್ಲ. ಉಚಿತವಾದ ಲಿಬ್ರೆ ಆಫೀಸ್ ಸಾಕು.

ಇನ್ನೊಂದು ಮಾತು. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಕಂಪನಿಯ ಬೆಂಬಲ ನಿಂತಿದೆ. ಅಂಥ ಯಂತ್ರದಲ್ಲಿ ಲೆಕ್ಕ ಬರೆಯಿರಿ, ಬ್ಯಾಂಕ್ ವ್ಯವಹಾರ ಮಾತ್ರ ಬೇಡ.

ಲೆಕ್ಕ ಪುಸ್ತಕ ಬರೆಯುವುದು ನಮ್ಮ ಪಂಚಸೂತ್ರಗಳಲ್ಲಿ ಒಂದು. ಬರೆದರೆ ಸಾಲದು, ಕಾಪಾಡಲೂ ಬೇಕು, ಅಲ್ಲವೇ? ಮುಂದಿನ ಸಭೆಯಲ್ಲಿ ಬೀರು ತೆರೆದು ಆ ಸಿ.ಡಿ. ಎಲ್ಲಿದೆ ಅಂತ ನೋಡಿ. ಆ ಒಕ್ಕೂಟದವರು ನುಡಿ ಹಾಕಿಸಿ, ಪಟ್ಟಿ ಮುದ್ರಿಸಿ, ಹೇಳಿದ ದಿನಕ್ಕೇ ಬ್ಯಾಂಕಿಗೆ ಕೊಟ್ಟರು.