ನೆತ್ತಿಗೆ ಹತ್ತಿತು!

ಉಣ್ಣುವಾಗ ಒಮ್ಮೊಮ್ಮೆ ಕೆಮ್ಮು ಬರುತ್ತದೆ. ಕಣ್ಣಲ್ಲಿ ನೀರು ತುಂಬುತ್ತದೆ. "ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು" ಅಂತ ನಾವು ನೆತ್ತಿ ತಟ್ಟುತ್ತೇವೆ. ಆದರೆ ಅನ್ನ ನೆತ್ತಿಗೆ ಹೋಗೋದಿಲ್ಲ. ಮತ್ತೆ ಎಲ್ಲಿಗೆ ಹೋಯಿತು?

ಹಲ್ಲು ತುತ್ತನ್ನು ಅಗಿಯುತ್ತದೆ. ಜೊಲ್ಲು ಮೆತ್ತಗೆ ಮಾಡುತ್ತದೆ. ರೊಟ್ಟಿಯನ್ನು ತುಂಬಾ ಹೊತ್ತು ಅಗಿದು ನೋಡಿ, ಸಿಹಿಯಾಗುತ್ತದೆ. ಅದು ಜೊಲ್ಲಿನ ಕೆಲಸ. ಮುದ್ದೆ ನುಂಗುವವರಿಗೆ ಈ ಸಿಹಿ ಸಿಗದು! ಆಮೇಲೆ ನಾಲಿಗೆ ತುತ್ತನ್ನು ಗಂಟಲಿಗೆ ತಳ್ಳುತ್ತದೆ.

ಗಂಟಲಲ್ಲಿ ಎರಡು ದಾರಿ. ಮುಂದೆ ಉಸಿರಿನ ಕೊಳವೆ, ಹಿಂದೆ ಅನ್ನದ ಕೊಳವೆ. ನುಂಗುವಾಗ ಎಲೆಯಂಥ ಒಂದು ಮುಚ್ಚಳ ಉಸಿರಿನ ದಾರಿಯನ್ನು ಮುಚ್ಚುತ್ತದೆ. ತುತ್ತು ಅನ್ನದ ಕೊಳವೆಗೆ ಇಳಿಯುತ್ತದೆ. ಸುಮಾರು 25 ಸೆಂಟಿಮೀಟರ್ ಉದ್ದದ ಆ ಕೊಳವೆ ತುತ್ತನ್ನು ಹಿಂಡುತ್ತಾ ಹೊಟ್ಟೆಗೆ ದಬ್ಬುತ್ತದೆ.

ನುಂಗುವಾಗ ನಕ್ಕರೆ, ಮಾತಾಡಿದರೆ ಅಗುಳು ಉಸಿರಿನ ದಾರಿಗೆ ಬಿದ್ದೀತು. ಅದನ್ನು ಹೊರಗೆ ಹಾಕಲಿಕ್ಕೇ ಕೆಮ್ಮು. ಕೆಮ್ಮನ್ನು ತಡೆಯಬಾರದು.

ಚಿಕ್ಕ ಮಕ್ಕಳ ಉಸಿರಿನ ಕೊಳವೆ ಬಹಳ ಸಣ್ಣದು. ಒಂದು ಕಡಲೆಬೀಜ ಸಿಕ್ಕಿಕೊಂಡರೂ ಪ್ರಾಣಕ್ಕೆ ಅಪಾಯ. 5 ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಬೇಡ, ಪುಡಿ ಮಾಡಿ ಕೊಡೋಣ. ಮಗುವಿಗೆ ಅಳಲೂ ಕೆಮ್ಮಲೂ ಆಗದಿದ್ದರೆ ನೆತ್ತಿ ತಟ್ಟಿ ಫಲವಿಲ್ಲ. ಮಗುವನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲುಭಾಗಕ್ಕೆ ಅಂಗೈಯಿಂದ ಬಲವಾಗಿ ಬಡಿಯಬೇಕು. ಜೊತೆಗಿದ್ದವರು 108ಕ್ಕೆ ಫೋನ್ ಮಾಡಲಿ. ಕಾಣದ ಬೀಜಕ್ಕಾಗಿ ಬಾಯಲ್ಲಿ ಬೆರಳಾಡಿಸಬೇಡಿ, ಅದು ಇನ್ನೂ ಒಳಕ್ಕೆ ಜಾರುತ್ತದೆ.